ತಿರಕವ್ವ ಯಾರಿಗೆ ಹೇಳಿದ್ದು

ನಮ್ಮೂರಲ್ಲಿ ಮನೆಗಳು ಮಾತು ಕೇಳುತ್ತವೆ. ಸರಿಯಾಗಿ ಹೇಳಿದರೆ ಎದ್ದು ನಡೆದು ಇನ್ನೊಂದು ಕಡೆ ಹೋಗಿ ಕೂರುತ್ತವೆ. ಹಾಗಾಗಿ ಇಲ್ಲಿ ಕರೆಂಟಿನ ತಂತಿಯನ್ನು ಯಾರೂ ಬಿಗಿಯಾಗಿ ಎಳೆಯುವುದಿಲ್ಲ, ಪ್ರತಿ ಕಂಬಕ್ಕೂ ಬಾವಿ ಹಗ್ಗದ ಹಾಗೆ ಸುರುಳಿ ಸುತ್ತಿ ತೂಗುಹಾಕಿರುತ್ತಾರೆ. ಅಂಚೆಯವನು ಬೆಳಿಗ್ಗೆ ಮೊದಲು ಚಹಾದಂಗಡಿಗೆ ಬಂದು ಯಾರ ಮನೆ ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡೇ ಚೀಲ ಬಿಚ್ಚುತ್ತಾನೆ. ಜಗಳವಾಡಿದ ಅಣ್ಣತಮ್ಮಂದಿರಿಬ್ಬರ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತು ಬಹಳ ವರ್ಷವಾಯಿತು. ಅಣ್ಣತಮ್ಮಂದಿರು ಆಮೇಲೆ ರಾಜಿಯಾದರು, ಮನೆಗಳು ಇನ್ನೂ ಆಗಿಲ್ಲ. ಕೆಳಗೇರಿಯ ಒಂದು ಮನೆಯನ್ನು ಹೊಸ ಅಳಿಯ ಮಿತಿಮೀರಿ ಹೊಗಳಿಬಿಟ್ಟ. ಅದು ಉಬ್ಬಿ ನಡುಬೀದಿಗೆ ಬಂದು ಕೂತಿತು. ಈಗ ಬಂಡಿಗಳು ಅದರ ಪಡಸಾಲೆಯ ಒಳಗಿಂದಲೇ ಹಾದುಹೋಗುತ್ತವೆ. ಮನೆಯವರಿಗೂ ಅದು ರೂಢಿಯಾಗಿದೆ. ಬಂಡಿ ಬಂದಾಗ ಊಟದ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ.

ನಾನು ಭರಮಪ್ಪ, ಗಾರೆ ಕೆಲಸದವನು. ನಡೆದ ಮನೆ ಬಿರುಕು ಬಿಡುತ್ತದೆ, ಬಿರುಕನ್ನು ಮುಚ್ಚಿ ಸುಣ್ಣ ಹೊಡೆಯುವುದು ನನ್ನ ಕೆಲಸ. ಶಾಲೆಗೆ ಹೋದದ್ದು ಸ್ವಲ್ಪ ದಿನ. ನಮ್ಮ ಶಾಲೆ ಒಂದು ದಿನ ಎದ್ದು ಮೇಲಿನ ಓಣಿಗೆ ಹೋಯಿತು, ನಾನು ಅದರ ಹಿಂದೆ ಹೋಗಲಿಲ್ಲ, ಅಷ್ಟೆ. ಆದರೆ ಕಂಡದ್ದು ಕೇಳಿದ್ದು ನನ್ನಲ್ಲಿ ಉಳಿಯುತ್ತದೆ. ಊರಲ್ಲಿ ಯಾವುದಾದರೂ ಹಳೆಯ ಸಂಗತಿಗೆ ವಾದ ಬಿದ್ದರೆ ನನ್ನ ಜಗಲಿಗೆ ಬರುತ್ತಾರೆ.

ಆ ವರ್ಷ ಬೇಸಿಗೆಯ ಕೊನೆಗೆ ದಾಕ್ಷಾಯಣಿ ಬಂದಳು. ಹಳ್ಳದ ದಂಡೆಯಲ್ಲಿ ಖಾನಾವಳಿ ನಡೆಸುವ ನಿಂಗವ್ವನ ಮಗಳು. ಕಾಲೇಜಿನ ಮೊದಲ ವರ್ಷ. ಕೈಯಲ್ಲಿ ಕೆಂಪು ಶಾಯಿ ಮೆತ್ತಿದ ಹಾಳೆಗಳಿದ್ದವು. ಬಂದವಳೇ ಅವುಗಳನ್ನು ನಾನು ಕಲಸಿದ ಸುಣ್ಣದ ಬುಟ್ಟಿಯ ಪಕ್ಕ ಒಗೆದು ಕಂಬಕ್ಕೆ ಒರಗಿದಳು.

"ಅಜ್ಜಾ, ತಿರಕವ್ವ ಮಾತಾಡಿದ ದಿನ ನೀ ಅಲ್ಲಿದ್ದೆಂತಲ್ಲ, ಖರೇನ?"

"ಇದ್ದೆ. ಯಾಕವ್ವ?"

"ಪ್ರಬಂಧ ಬರೀಬೇಕು. ಆ ಭಾಷಣದ ವಿಶ್ಲೇಷಣೆ. ಒಂದು ಸಲ ಬರದು ಕೊಟ್ಟೆ, ಹಂಚಿನಾಳ ಮೇಡಂ ಹೆಂಗ ಕೆಂಪ ಮಾಡಿ ಕೊಟ್ಟಾರ ನೋಡು, ನಮ್ಮವ್ವನ ಖಾರದ ಚಟ್ನಿ ಇದ್ದಂಗೈತಿ."

ತಿರಕವ್ವನ ಮಾತು ನಮ್ಮೂರಲ್ಲಿ ಯಾರಿಗೆ ಬರುವುದಿಲ್ಲ? ಮಕ್ಕಳು ಮಗ್ಗಿಗಿಂತ ಮೊದಲು ಅದನ್ನು ಕಲಿಯುತ್ತಾರೆ. ಹಿಂದೆ ಹೆರಿಗೆ ಮನೆ ಹಳ್ಳದ ಆಚೆ ದಡದಲ್ಲಿತ್ತು. ನೀರು ಬಂದರೆ ಬಸುರಿಯರು ಈಚೆಯಲ್ಲೇ ಉಳಿಯುತ್ತಿದ್ದರು. ಕೆಲವರು ದಾಟಲು ಹೋಗಿ ಹಳ್ಳದಲ್ಲೇ ಉಳಿದರು. ಸೂಲಗಿತ್ತಿ ತಿರಕವ್ವ ಒಂದು ಸಂಜೆ ಈಚೆ ದಡಕ್ಕೆ ಬಂದು ನಿಂತು ಹೆರಿಗೆ ಮನೆಯನ್ನು ಕರೆದಳು. ಅದು ಎದ್ದು, ಹಳ್ಳಕ್ಕಿಳಿದು, ನೀರನ್ನು ಸೀಳಿಕೊಂಡು ಬಂದು ಪೇಟೆಯ ನಡುವೆ ಹಿಟ್ಟಿನ ಗಿರಣಿಗೂ ಬಟ್ಟೆ ಅಂಗಡಿಗೂ ಮಧ್ಯೆ ಕೂತಿತು. ಇವತ್ತಿಗೂ ಅಲ್ಲೇ ಇದೆ.

ದಾಕ್ಷಾಯಣಿ ಕಣ್ಣು ಮುಚ್ಚಿ, ಶಾಲೆಯ ಮಕ್ಕಳ ರಾಗದಲ್ಲಿ ಒಪ್ಪಿಸಿದಳು. "ಬಾರವ್ವ ಹೆರಿಗಿ ಮನಿ, ಹಳ್ಳದ ಆಚಿ ಒಬ್ಬಾಕಿನ ಎಷ್ಟು ದಿನಾ ಕುಂದರ್ತಿ? ಬ್ಯಾನಿ ತಿನ್ನೋ ಹೆಣ್ಣುಮಗಳು ನಡುನೀರಾಗ ನಿಂತು ನಿನ್ನ ದೀಪ ನೋಡ್ತಾಳ. ಗಿರಣಿ ಸಪ್ಪಳಕ ಅಂಜಬ್ಯಾಡ, ಕೂಸುಗೋಳು ಮಲಗೋ ಹೊತ್ತಿಗೆ ನಮ್ಮ ಚನಮಲ್ಲಪ್ಪ ಗಿರಣಿ ನಿಲ್ಲಸ್ತಾನ, ಅಂವ ಅಂಥಾ ತಾಯಿ ಮಗ. ಜಾಗ ಇಕ್ಕಟ್ಟಂತ ಅನಬ್ಯಾಡ, ಬಟ್ಟಿ ಅಂಗಡ್ಯಾವ್ರು ಸರದು ಕುಂದರ್ತಾರ, ಅವರ ಮನಿಗೂ ಸೊಸಿ ಬಂದಾಳ. ಬಾರವ್ವ, ನಿನ್ನ ಬಾಗಲ ನಮ್ಮ ಕಡೀಗಿರಲಿ."

"ಹೌದು, ಇಷ್ಟ," ಅಂದೆ.

"ನಾ ಬರದದ್ದು ಏನಂದ್ರ, ಮಾತು ಜೇನಿನಂಗೈತಿ, ತಾಯಿಯ ಮಮತಿ ಐತಿ, ಕಲ್ಲೂ ಕರಗತದ ಅಂತ. ಮೇಡಂ ಕೆಳಗ ಬರದಾರ, 'ಹೊಗಳಿದ್ದೀಯ, ಬಿಡಿಸಿ ನೋಡಿಲ್ಲ. ಯಾರು, ಯಾರಿಗೆ, ಎಲ್ಲಿ ನಿಂತು, ಏನಾಗಲಿ ಎಂದು ಹೇಳಿದರು?' ಯಾರಿಗೆ ಅಂದ್ರ ಏನಜ್ಜಾ? ಮನೀಗೆ! ಅದನ್ನೂ ಕೇಳಬೇಕೇನು?"

ಅವಳ ಸಿಟ್ಟಿನ ಹಿಂದೆ ಬೇರೆ ಸಂಕಟವಿತ್ತು, ಅದು ನನಗೆ ಗೊತ್ತಿತ್ತು. ಖಾನಾವಳಿಯ ಹಿಂದಿನ ದಂಡೆ ಕುಸಿಯುತ್ತಿತ್ತು. ಹೋದ ಮಳೆಗಾಲದಲ್ಲಿ ಬಚ್ಚಲು ಹಳ್ಳದ ಪಾಲಾಯಿತು. ಈಗ ಅಡುಗೆಕೋಣೆಯ ಗೋಡೆಯ ಕೆಳಗೆ ಬಗ್ಗಿ ನೋಡಿದರೆ ಆಚೆ ಬೆಳಕು ಕಾಣುತ್ತಿತ್ತು. ಮೊದಲ ನೀರು ಬಂದರೆ ಮನೆ ಉಳಿಯುವುದಿಲ್ಲ. ತಾಯಿ ಮಗಳು ಇರುವುದೂ ಅಲ್ಲೇ, ದುಡಿಯುವುದೂ ಅಲ್ಲೇ. ನಿಂಗವ್ವ ತಿಳಿದವರಿಂದೆಲ್ಲ ಮನೆಗೆ ಹೇಳಿಸಿದ್ದಳು. ಮೇಲೋಣಿಯ ಶೇಖಣ್ಣ, ಮದುವೆ ಮುಂಜಿಯಲ್ಲಿ ಮಾತಾಡಿ ಹೆಸರಾದವನು, ಶಾಲು ಹೊದ್ದು ಬಂದು ಖಾನಾವಳಿಯ ಮುಂದೆ ನಿಂತು ಅದನ್ನು ಅನ್ನಪೂರ್ಣೆ ಎಂದ, ಅರಮನೆ ಎಂದ. ಮನೆ ಒಮ್ಮೆ ಮೈ ಕೊಡವಿತು. ಸೂರಿನ ಮಸಿಯೆಲ್ಲ ಅವನ ಶಾಲಿನ ಮೇಲೆ ಬಿತ್ತು. ಅಷ್ಟೇ ಆಯಿತು. ಅದಕ್ಕೇ ಈ ಹುಡುಗಿ ಇದ್ದಬಿದ್ದ ಭಾಷಣಗಳನ್ನೆಲ್ಲ ಬಿಟ್ಟು ತಿರಕವ್ವನ ಮಾತನ್ನೇ ಪ್ರಬಂಧಕ್ಕೆ ಆರಿಸಿಕೊಂಡದ್ದು. ಅದು ಯಾಕೆ ಗೆದ್ದಿತು ಎಂದು ತಿಳಿದರೆ ತಮ್ಮ ಮನೆಯನ್ನೂ ಎಬ್ಬಿಸಬಹುದು ಎಂಬ ಆಸೆ.

"ನಡಿ," ಅಂದೆ. "ಕುಂತು ಹೇಳಾಕ ನನಗ ಬರೂದಿಲ್ಲ. ನಿಂತ ಜಾಗದಾಗ ನಿಂತ್ರ ನೆಪ್ಪಾಕ್ಕೈತಿ."

ಇಬ್ಬರೂ ಹಳ್ಳದ ದಡಕ್ಕೆ ಹೋದೆವು. ಬಿಸಿಲು ಇಳಿಯುತ್ತಿತ್ತು. ಅಂದು ನಾನು ಗಿರಣಿಯ ಹೊರಗೋಡೆಗೆ ಗಾರೆ ಮೆತ್ತುತ್ತಿದ್ದೆ, ಅಲ್ಲಿಂದ ತಿರಕವ್ವ ಚೆನ್ನಾಗಿ ಕಾಣುತ್ತಿದ್ದಳು. ದಾಕ್ಷಾಯಣಿಯನ್ನು ತಿರಕವ್ವ ನಿಂತ ಕಲ್ಲಿನ ಮೇಲೆ ನಿಲ್ಲಿಸಿ ನಾನು ಗಿರಣಿಯ ಮೂಲೆಗೆ ಬಂದೆ. ಅವಳು ತಾನಾಗಿಯೇ ಹಳ್ಳದ ಕಡೆ ಮುಖ ಮಾಡಿದಳು, ಹೆರಿಗೆ ಮನೆ ಇದ್ದ ಆಚೆ ದಡದ ಕಡೆಗೆ.

ನೋಡಿದ ಕೂಡಲೇ ನನಗೆ ಏನೋ ತಪ್ಪಿದೆ ಅನ್ನಿಸಿತು.

"ಹಂಗಲ್ಲ. ಇತ್ತ ಹೊಳ್ಳು."

"ಎತ್ತ?"

"ನನ್ನ ಕಡಿ. ಪ್ಯಾಟಿ ಕಡಿ. ಆಕಿ ಸೆರಗು ಹಣಿಗೆ ಅಡ್ಡ ಹಿಡಕೊಂಡಿದ್ಲು. ಬಿಸಿಲು ಕಣ್ಣಾಗ ಬೀಳತಿತ್ತು."

ದಾಕ್ಷಾಯಣಿ ಹೊರಳಿದಳು. ಇಳಿಬಿಸಿಲು ನೇರ ಅವಳ ಮುಖಕ್ಕೆ ಬಡಿಯಿತು, ಅವಳು ಕೈ ಅಡ್ಡ ಹಿಡಿದಳು. ಒಮ್ಮೆ ಕತ್ತು ತಿರುಗಿಸಿ ಹಳ್ಳದ ಆಚೆ ನೋಡಿದಳು.

"ಅಜ್ಜಾ, ಇಲ್ಲಿಂದ ಹೆರಿಗಿ ಮನಿ ಆಗ ಇದ್ದ ಜಾಗ ಕಾಣೂದs ಇಲ್ಲ. ಅದು ನನ್ನ ಬೆನ್ನ ಹಿಂದೈತಿ."

ಆ ಸೆರಗನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ಬಿಸಿಲನ್ನೂ ಹೇಳಿದ್ದೇನೆ. ಕರೆಯುವವಳು ಕರೆದದ್ದರ ಕಡೆ ಬೆನ್ನು ತಿರುಗಿಸಿ ಯಾಕೆ ನಿಂತಿದ್ದಳು ಎಂದು ನಾನೂ ಕೇಳಿಕೊಂಡಿರಲಿಲ್ಲ, ಕತೆ ಕೇಳಿದವರೂ ಕೇಳಿರಲಿಲ್ಲ. ನೆನಪು ಎಷ್ಟೇ ಇರಲಿ, ಅದನ್ನು ಕೇಳುವವರು ಬೇಕು. ಹಂಚಿನಾಳ ಮೇಡಮ್ಮಿನ ಆ ಕೆಂಪು ಸಾಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹುಡುಗಿ ಕಲ್ಲಿನಿಂದ ಇಳಿದು ಓಡಿಬಂದಳು. ಈಗ ಅವಳ ಪ್ರಶ್ನೆಗಳಿಗೆ ಹರಿತ ಬಂದಿತ್ತು.

"ಆಕಿ ಮುಂದ ಯಾರ್‍ಯಾರು ಇದ್ರು?"

"ಪ್ಯಾಟಿ ಮಂದಿ. ಬಟ್ಟಿ ಅಂಗಡ್ಯಾವರು ಕಟ್ಟಿ ಮ್ಯಾಲ ಇದ್ರು. ಚನಮಲ್ಲಪ್ಪ ಗಿರಣಿ ಬಾಗಲದಾಗ ನಿಂತಿದ್ದ, ರೆಪ್ಪಿ ತುಂಬ ಹಿಟ್ಟು."

"ಆತನ ಹೆಸರು ಬಂದಾಗ ಏನ್ ಮಾಡಿದ?"

"ತಲಿ ಕೆಳಗ ಹಾಕಿದ. ಮಂದಿ ಎಲ್ಲಾ ಅವನ್ನ ನೋಡಿದ್ರು. ಒಳಗ ಹ್ವಾದ, ಗಿರಣಿ ನಿಲ್ಲಿಸಿದ."

"ಮನಿ ಎದ್ದ ಮ್ಯಾಲೋ, ಏಳೂಕ್ಕಿಂತ ಮೊದಲೋ?"

ಊರಲ್ಲಿ ಹೇಳುವ ಕತೆಯಲ್ಲಿ ಮನೆ ಮೊದಲು ಏಳುತ್ತದೆ. ಆ ಬೆರಗಿಗೆ ಗಿರಣಿಯವನು ಪಟ್ಟಾ ಜಾರಿಸಿ ಗಿರಣಿ ನಿಲ್ಲಿಸುತ್ತಾನೆ. ನಾನೂ ಹಾಗೇ ಹೇಳುತ್ತ ಬಂದವನು. ಆದರೆ ಗಿರಣಿಯ ಮೂಲೆಯಲ್ಲಿ ನಿಂತು ಅವಳು ಕೇಳಿದಾಗ ನನ್ನ ಕಿವಿಗೆ ಆ ದಿನದ ಸದ್ದು ಬಂತು. ಆಚೆ ದಡದಲ್ಲಿ ಹೆರಿಗೆ ಮನೆಯ ಗಾರೆ ಮೊದಲು ಚಟ್ಟೆಂದು ಬಿಟ್ಟ ಸದ್ದು. ಅದನ್ನು ನಾನು ಕೇಳಿದ್ದೆ. ಪಕ್ಕದಲ್ಲೇ ಗಿರಣಿ ಗಡಗಡ ಅನ್ನುತ್ತಿದ್ದರೆ ಅದು ಹೇಗೆ ಕೇಳುತ್ತಿತ್ತು?

"ಮೊದಲs ನಿಲ್ಲಿಸಿದ," ಅಂದೆ. "ಆಮ್ಯಾಲ ಬಟ್ಟಿ ಅಂಗಡ್ಯಾವರು ಗಂಟು ಮೂಟಿ ಸರಸಾಕ ಹತ್ತಿದ್ರು. ಅದರ ಮ್ಯಾಲ ಮನಿ ಎದ್ದದ್ದು."

ದಾಕ್ಷಾಯಣಿ ನಕ್ಕಳು. ಹಿಡಿದ ಗಂಟು ಬಿಚ್ಚಿದವರ ನಗು. "ತಿರಕವ್ವ ಮನಿಗೆ ಹೇಳೇ ಇಲ್ಲ ಅಜ್ಜಾ. ಮನಿಗೆ ಗಿರಣಿ ಸಪ್ಪಳದ ಅಂಜಿಕಿ ಎಲ್ಲಿಂದ ಬರಬೇಕು? ಮನಿಗೆ ಹೇಳೂ ನೆಪದಾಗ ಚನಮಲ್ಲಪ್ಪಗ ಹೇಳ್ಯಾಳ. ಅಂವ ಕೊಡದ ಮಾತನ್ನ ಮಂದಿ ಮುಂದ ತಾನs ಕೊಟ್ಟಾಳ, ಮ್ಯಾಲ 'ಅಂಥಾ ತಾಯಿ ಮಗ' ಅಂತ ಹೊಚ್ಚಿಗಿ ಹೊಚ್ಯಾಳ. ಇನ್ನ ಅಂವ ಇಲ್ಲ ಹೆಂಗ ಅಂತಾನ? ಮಂದಿ ಜಾಗ ಮಾಡಿದ ಮ್ಯಾಲ ಮನಿ ತಾನs ಎದ್ದೈತಿ."

"ಅಬ್ಬಾ ತಿರಕವ್ವ," ಅಂದೆ ನಾನು. ಅವಳು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಅವಳ ಜಾಣತನ ಅಂದು ನನಗೆ ಕಂಡಿತು.

ಪ್ರಬಂಧ ಮತ್ತೆ ಬರೆದಳು. ನಡುವೆ ಬಂದು ಬಂದು ನನ್ನನ್ನು ಕೇಳಿದಳು. ಸೊಸೆಯ ಮಾತು ಬಂದಾಗ ಬಟ್ಟೆ ಅಂಗಡಿಯ ಹಿರಿಯ ಏನು ಮಾಡಿದ, ತಿರಕವ್ವ ಎಲ್ಲಿ ದನಿ ಇಳಿಸಿದಳು, ಎಲ್ಲಿ ತಡೆದಳು. ತಿಳಿದದ್ದು ಹೇಳಿದೆ, ತಿಳಿಯದ್ದಕ್ಕೆ ತಿಳಿಯದು ಅಂದೆ. ತಿಳಿಯದು ಅಂದದ್ದನ್ನೂ ಹಾಗೇ ಬರೆದುಕೊಂಡಳು, ಅದು ನನಗೆ ಹಿಡಿಸಿತು.

ಈಗ ನಮ್ಮ ಕಾಲೇಜಿನ ವಿಷಯ ಒಂದು ಹೇಳಬೇಕು. ಮೊದಲು ಗುಡ್ಡದ ಮೇಲಿತ್ತು. ಒಬ್ಬಂಟಿಯಾಗಿದ್ದು ಬೇಸರ ಬಂತೋ ಏನೋ, ಸ್ವಲ್ಪ ಸ್ವಲ್ಪವೇ ಇಳಿದು ಬಂದು ಕಿಟಕಿಗಳನ್ನೆಲ್ಲ ಪೇಟೆಯ ಕಡೆಗೆ ತೆರೆದುಕೊಂಡು ಕೂತಿದೆ. ಒಳಗಿನ ಪಾಠ ಹೊರಗಿನ ಅಂಗಡಿಗಳಿಗೆಲ್ಲ ಕೇಳುತ್ತದೆ. ನಮ್ಮ ಕ್ಷೌರದವನಿಗೆ ಇತಿಹಾಸ ಬಾಯಿಪಾಠ, ಬಳೆ ಮಾರುವವಳು ಕೆಲವು ಸಲ ಮೇಷ್ಟ್ರಿಗೆ ಹೊರಗಿಂದಲೇ ಲೆಕ್ಕ ತಿದ್ದುತ್ತಾಳೆ. ಹಂಚಿನಾಳ ಮೇಡಂ ದಾಕ್ಷಾಯಣಿಯ ಪ್ರಬಂಧವನ್ನು ತರಗತಿಯಲ್ಲಿ ಅವಳಿಂದಲೇ ಗಟ್ಟಿಯಾಗಿ ಓದಿಸಿದರು. ಇಡೀ ಪೇಟೆ ಕೇಳಿಸಿಕೊಂಡಿತು. ತಕ್ಕಡಿ ಹಿಡಿದವರು ತಕ್ಕಡಿ ಹಿಡಿದೇ ನಿಂತರು.

ಓದು ಮುಗಿದ ಮೇಲೆ ಮೇಡಂ ಹೇಳಿದ್ದೂ ಕೇಳಿಸಿತು. "ಚೆಂದ ಬಿಡಿಸೀದಿ ದಾಕ್ಷಾಯಣಿ. ಆದ್ರ ಕಡೀ ಪ್ಯಾರಾ ಇಲ್ಲ. ತಿರಕವ್ವನ ಮಾತು ಗೆದ್ದದ್ದು ಅದರ ಹಂಚಿಕಿ ಯಾರಿಗೂ ತಿಳೀಲಿಲ್ಲ ಅಂತ. ಈಗ ನೀನs ತಿಳಿಸಿಬಿಟ್ಟಿ. ತಿಳಿದಾವ್ರ ಮುಂದ ಅದು ಮತ್ತ ನಡೀತದೇನು? ಅದನ್ನ ಬರದು ಕೊಡು, ಆಮ್ಯಾಲ ಮಾರ್ಕ್ಸ್ ಹಾಕ್ತೀನಿ."

ಪೇಟೆಯಲ್ಲಿ ಎರಡು ಮಾತಾಯಿತು. ಕೆಲವರು ಹೆಮ್ಮೆಪಟ್ಟರು. ಇನ್ನು ಕೆಲವರು ಮುನಿಸಿಕೊಂಡರು. "ಹಾಲಿನಾಗ ಏನೈತಿ ಅಂತ ನೋಡಾಕ ಹ್ವಾದ್ರ ಹಾಲು ಒಡೀತದವ್ವ," ಅಂದಳು ಬಳೆಯವಳು. ಮಾರ್ಕ್ಸು ಈಗ ದಾಕ್ಷಾಯಣಿಯ ತಲೆಯಲ್ಲಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಖಾನಾವಳಿ ಬಂದು ಕೂರಲು ಪೇಟೆಯಲ್ಲಿ ಒಂದೇ ಒಂದು ಖಾಲಿ ಜಾಗವಿತ್ತು, ಫೋಟೋ ಕಟ್ಟು ಹಾಕುವ ಗುರುಸಿದ್ಧಪ್ಪನ ಅಂಗಡಿಯ ಪಕ್ಕ. ಅಲ್ಲಿದ್ದ ಮನೆ ಹಿಂದೆಂದೋ ಸಿಟ್ಟುಮಾಡಿಕೊಂಡು ಎದ್ದು ಹೋಗಿತ್ತು. ನಮ್ಮೂರಲ್ಲಿ ಖಾಲಿ ಜಾಗಕ್ಕೆ ಒಡೆಯರಿಲ್ಲ. ಪಕ್ಕದವರು ಹೂಂ ಅನ್ನಬೇಕು, ಅಷ್ಟೇ. ಗುರುಸಿದ್ಧಪ್ಪ ಅಲ್ಲಿ ಗಾಜಿನ ಹಾಳೆಗಳನ್ನು ಒರಗಿಸಿಟ್ಟಿದ್ದ. ನಿಂಗವ್ವ ಒಮ್ಮೆ ಕೇಳಿದ್ದಕ್ಕೆ ಉಹೂಂ ಎಂದಿದ್ದ. ನಿಂಗವ್ವ ಇನ್ನೊಂದು ಸಲ ಕೇಳುವವಳಲ್ಲ. ಮನೆಯೇ ಮನಸ್ಸು ಮಾಡಿದರೆ ಅವನು ಏನು ಮಾಡುತ್ತಾನೆ ಎಂದುಕೊಂಡು ಮನೆಗೇ ಹೇಳಿಸುತ್ತ ಬಂದಿದ್ದಳು. ತಪ್ಪು ನಡೆದದ್ದು ಅಲ್ಲೇ. ನಾವೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದ ತಪ್ಪು ಅದು.

ಮರುದಿನ ಸಂಜೆ ದಾಕ್ಷಾಯಣಿ ಪೇಟೆಯ ನಡುವೆ ಬಂದು ನಿಂತಳು. ಮನೆ ಕರೆಯುತ್ತಾರೆ ಎಂದರೆ ಜನ ಸೇರುವುದು ವಾಡಿಕೆ. ನಾನು ಹೋದೆ, ಹಂಚಿನಾಳ ಮೇಡಮ್ಮೂ ಬಂದು ಕ್ಷೌರದ ಅಂಗಡಿಯ ನೆರಳಿಗೆ ನಿಂತರು. ಹುಡುಗಿ ಹಳ್ಳದ ಕಡೆಗೆ ಬೆನ್ನು ಮಾಡಿ, ಗುರುಸಿದ್ಧಪ್ಪನ ಅಂಗಡಿಗೆ ಮುಖ ಮಾಡಿ ನಿಂತಳು. ದನಿ ಚೆನ್ನಾಗಿತ್ತು.

"ಬಾರವ್ವ ನಮ್ಮ ಮನಿ, ದಂಡಿ ಬಿಟ್ಟು ಇತ್ತ ಬಾ. ಇಲ್ಲಿ ಗುರುಸಿದ್ಧಪ್ಪ ಕಾಕಾ ಇದಾನ, ದೊಡ್ಡ ಮನಸಿನಾಂವ..."

"ಏ ತಂಗಿ, ನಿಂದರು ನಿಂದರು," ಎಂದು ಗುರುಸಿದ್ಧಪ್ಪ ಒಳಗಿಂದಲೇ ಕೂಗಿದ. ಕೈಯಲ್ಲಿ ಗಾಜು ಕೊಯ್ಯುವ ವಜ್ರದ ಕಡ್ಡಿ ಹಿಡಿದೇ ಹೊರಗೆ ಬಂದ. ಬಡಕಲು ಆಳು, ಮೂಗಿನ ತುದಿಗೆ ಚಾಳೀಸು. "ನಿನ್ನ ಪ್ರಬಂಧ ನಾನೂ ಕೇಳೀನಿ. ನನ್ನ ಅಂಗಡಿಗೂ ಕಿಟಕಿ ಅದಾವ. ಮನಿಗೆ ಹೇಳಿದಂಗ ಮಾಡಿ ನನಗ ಹೇಳಬ್ಯಾಡ. ನಾ ಚನಮಲ್ಲಪ್ಪ ಅಲ್ಲ."

ಜನ ಹೋ ಎಂದು ನಕ್ಕಿತು. "ತಾನs ಕಲಿಸಿದ ಪಾಠ ತನಗs ಬಂತು!" ಎಂದ ಯಾರೋ. ದಾಕ್ಷಾಯಣಿಯ ಕಿವಿ ಕೆಂಪಾದವು. ಅವಳು ಮೇಡಮ್ಮಿನ ಕಡೆ ನೋಡಿದಳು. ಮೇಡಂ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ನನಗೆ ಏನಾದರೂ ಅನ್ನಬೇಕು ಅನ್ನಿಸಿತು. ಸುಮ್ಮನಿದ್ದೆ. ಹಸಿ ಗಾರೆಯನ್ನು ಮುಟ್ಟಬಾರದು, ತಾನಾಗಿ ಬಿಗಿಯಬೇಕು.

ಅವಳು ನಡೆದು ಹೋಗಿ ಗುರುಸಿದ್ಧಪ್ಪನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಭಾಷಣದ ದನಿ ಬಿಟ್ಟಳು.

"ಖರೇ ಕಾಕಾ. ನಿಮಗs ಹೇಳಾಕ ಬಂದಿದ್ದೆ. ಸೀದಾ ಕೇಳಾಕ ಅಂಜಿಕಿ ಆಗಿತ್ತು. ಈಗ ಕೇಳ್ತೀನಿ. ನಮ್ಮ ಮನಿ ಇಲ್ಲಿ ಬರೂದು ನಿಮಗ ಯಾಕ ಬ್ಯಾಡ?"

ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಚಾಳೀಸು ತೆಗೆದು ಅಂಗಿಯಿಂದ ಒರೆಸಿದ.

"ಹೊಗಿ ಅಂತ ತಿಳಕೊಂಡಿರೇನು? ನಿಮ್ಮವ್ವನ ಒಗ್ಗರಣಿ ವಾಸನಿ ನನಗೂ ಬೇಕು. ಮನಿ ಬಂದು ಕೂಡುವಾಗ ನೆಲಾ ನಡಗತೈತಿ ತಂಗಿ. ಹಿಂದಿನ ಮನಿ ಎದ್ದು ಹ್ವಾದಾಗ ಗ್ವಾಡಿ ಮ್ಯಾಲಿನ ಕಟ್ಟೆಲ್ಲಾ ಬಿದ್ವು. ಗಾಜು ಹ್ವಾದ್ರ ಹೋಗಲಿ, ಬ್ಯಾರೆ ಕೊಯ್ದು ಹಾಕ್ತೀನಿ. ಒಬ್ಬ ಮುದುಕಿ ತನ್ನ ಮಗನ ಫೋಟೋ ಕೊಟ್ಟಿದ್ಲು. ಇದ್ದದ್ದು ಅದೊಂದs. ಗಾಜು ಮಾರೀಗೆ ಚುಚ್ಚಿ ಮುಖಾನs ಹರದು ಹೋಗಿತ್ತು. ಆಕಿ ನನಗ ಒಂದು ಮಾತು ಅನಲಿಲ್ಲ. ಅಂದಿದ್ರ ಚಲೋ ಇತ್ತು." ಅವನು ಒಳಗಿನ ಗೋಡೆಗಳ ಕಡೆ ಕೈ ತೋರಿಸಿದ. ನೆಲದಿಂದ ಸೂರಿನವರೆಗೆ ಕಟ್ಟು ಹಾಕಿದ ಮುಖಗಳಿದ್ದವು. ರುಮಾಲು ಸುತ್ತಿದ ಅಜ್ಜಂದಿರು, ದೊಡ್ಡ ಕುಂಕುಮದ ಅಜ್ಜಿಯರು, ತೊಟ್ಟಿಲ ಕೂಸುಗಳು. "ಇಷ್ಟು ಮಂದೀನ್ನ ನಾ ಎಲ್ಲಿ ಇಡ್ಲಿ? ಕೆಳಗ ಇಟ್ರೂ ನಡಗತಾವ, ಮ್ಯಾಲ ಇಟ್ರೂ ಬೀಳತಾವ."

ದಾಕ್ಷಾಯಣಿ ಎದ್ದು ಒಳಗೆ ಹೋಗಿ ಗೋಡೆಯನ್ನು ನೋಡುತ್ತ ಸಾಗಿದಳು. ಒಂದು ಕಟ್ಟಿನ ಮುಂದೆ ನಿಂತಳು.

"ಇದು ಯಾರ್ದು ಕಾಕಾ?"

"ಅಲ್ಲಿ ಮೀಸಿ ತಿರುವ್ಕೋತ ನಿಂತಾನಲ್ಲ, ಕ್ಷೌರದ ನಾಗೇಶಿ. ಅವನ ಅಪ್ಪಂದು. ಕಟ್ಟು ಹಾಕಿ ಆರು ತಿಂಗಳಾತು, ಒಯ್ಯಾಕ ಬರವಲ್ಲ."

"ಇದು?"

"ಬಳೀ ಹುಸೇನಬೀದು. ಆಕಿ ತಂಗೀದು."

ದಾಕ್ಷಾಯಣಿ ಮೊದಲನೆಯ ಕಟ್ಟನ್ನು ಮೊಳೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದಳು.

"ನಾಗೇಶಿಯಣ್ಣ, ಕುಂದರು."

"ಯಾಕ?"

"ನಿಮ್ಮ ಅಪ್ಪನ್ನ ಹಿಡಕೋ. ನೆಲಾ ನಡಗಿದ್ರ ನೆಲಕ್ಕ ನಡಗಲಿ. ತೊಡಿ ಮ್ಯಾಲ ಇದ್ದಾವರಿಗೆ ಏನಾಗ್ತದ?"

ನಾಗೇಶಿ ಸುತ್ತ ನೋಡಿದ, ಏನೋ ಹಾಸ್ಯ ಮಾಡಲು ಬಾಯಿ ತೆರೆದ, ಮಾಡಲಿಲ್ಲ. ತನ್ನ ಅಂಗಡಿಯ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು ಅಪ್ಪನನ್ನು ತೊಡೆಯ ಮೇಲಿಟ್ಟುಕೊಂಡ. ಹುಸೇನಬಿ ಕರೆಯುವ ಮೊದಲೇ ಬಳೆಯ ಮಲಾರ ಕೆಳಗಿಟ್ಟು ಕೈ ಚಾಚಿದಳು. "ಕೊಡs ಇತ್ತ. ಹಾಲು ಒಡದ್ರ ಒಡೀಲಿ, ಗಿಣ್ಣ ಮಾಡ್ಕೊಂಡು ತಿನ್ನೂಣು."

ದಾಕ್ಷಾಯಣಿ ಗುರುಸಿದ್ಧಪ್ಪನ ಮುಂದೆ ಬಂದು ನಿಂತಳು. "ಕಾಕಾ, ನಿಮ್ಮ ಪರವಾಗಿ ನಾ ಹೂಂ ಅನ್ನಾಂಗಿಲ್ಲ. ನೀವs ಅನ್ನಬೇಕು. ಬ್ಯಾಡ ಅಂದ್ರೂ ನಡೀತದ, ಈ ಕಟ್ಟು ಹೊಳ್ಳಿ ಮೊಳಿಗೆ ಹಾಕಿ ಹೋಗ್ತೀನಿ."

ತಿರಕವ್ವ ಆ ಸಂಜೆ ಇದೊಂದನ್ನು ಮಾಡಿರಲಿಲ್ಲ. ಚನಮಲ್ಲಪ್ಪನಿಗೆ ಇಲ್ಲ ಅನ್ನಲು ಜಾಗವನ್ನೇ ಬಿಟ್ಟಿರಲಿಲ್ಲ. ಈ ಹುಡುಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು ನಿಂತಳು. ಗುರುಸಿದ್ಧಪ್ಪ ಗೋಡೆಯ ಮುಖಗಳ ಕಡೆ ತಿರುಗಿದ. ನಾನು ಹಳ್ಳದ ಕಡೆ ನೋಡಿದೆ, ಆಕಾಶ ಕಪ್ಪಾಗಿತ್ತು.

ಕೊನೆಗೆ ಅವನು ವಜ್ರದ ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. "ಹೂಂ," ಅಂದ. "ಆದ್ರ ನಾನs ಕೊಡ್ತೀನಿ, ಒಬ್ಬೊಬ್ಬರಿಗೆ. ಯಾರೂ ಗಾಜಿನ ಮ್ಯಾಲ ಕೈಬಟ್ಟ ಇಡಬಾರದು. ಅಂಚ ಹಿಡೀಬೇಕು."

ಆಮೇಲೆ ನಡೆದದ್ದನ್ನು ನಮ್ಮೂರಲ್ಲೂ ಯಾರೂ ಹಿಂದೆ ಕಂಡಿರಲಿಲ್ಲ. ಗುರುಸಿದ್ಧಪ್ಪ ಒಳಗೆ ಹೊರಗೆ ಓಡಾಡಿ ಒಂದೊಂದೇ ಕಟ್ಟು ತಂದ. ಗುರುತಿನವರಿಗೆ ಅವರವರ ಮನೆಯವರನ್ನು ಕೊಟ್ಟ. ಗುರುತು ಸಿಗದವರನ್ನು, ಎಂದೋ ಕೊಟ್ಟುಹೋಗಿ ಮತ್ತೆ ಬಾರದವರ ಫೋಟೋಗಳನ್ನು, ಕೈ ಖಾಲಿ ಇದ್ದವರಿಗೆ ಕೊಟ್ಟ. ಗಾಜಿನ ಹಾಳೆಗಳನ್ನು ಕಾಲೇಜಿನ ಹುಡುಗರು ಮನೆಗಳಿಂದ ತಂದ ಹಾಸಿಗೆಯ ಮೇಲೆ ಮಲಗಿಸಿದರು. ಶೇಖಣ್ಣನಿಗೆ ಅವನ ಅತ್ತೆಯೇ ಸಿಕ್ಕಳು. "ಬದುಕಿದ್ದಾಗ ನನ್ನ ಮಾತು ಕೇಳಲಿಲ್ಲ, ಈಗ ಕೇಳವ್ವ," ಎಂದು ಅವನು ಅವಳನ್ನು ನೆಟ್ಟಗೆ ಕೂರಿಸಿಕೊಂಡ. ನನಗೆ ಬಂದದ್ದು ಯಾರದೋ ಮದುವೆಯ ಫೋಟೋ, ಮದುಮಗಳು ಕಣ್ಣು ಮುಚ್ಚಿಬಿಟ್ಟಿದ್ದಳು. ಹಂಚಿನಾಳ ಮೇಡಮ್ಮಿನ ತೊಡೆಯ ಮೇಲೆ ಕುದುರೆ ಏರಿ ಕೂತ ಪೈಲವಾನನೊಬ್ಬನಿದ್ದ.

ಪೇಟೆಯ ಎರಡೂ ಬದಿಗೆ ಸಾಲಾಗಿ ಕೂತೆವು. ನಡುವೆ ದಾರಿ ಬಿಟ್ಟೆವು. ಮಾತಿಲ್ಲ, ಕೆಮ್ಮಿಲ್ಲ.

ಖಾನಾವಳಿಗೆ ಯಾರೂ ಏನೂ ಹೇಳಲಿಲ್ಲ. ಗುರುಸಿದ್ಧಪ್ಪನ ಅಂಗಡಿಯಿಂದ ಕೊನೆಯ ಕಟ್ಟು ಹೊರಬಿದ್ದು, ಮೂಲೆಯ ಮುದುಕನೊಬ್ಬನ ತೊಡೆಗೆ ಸೇರಿತು. ಆಗ ಹಳ್ಳದ ಕಡೆಯಿಂದ ನನ್ನ ಕಿವಿಗೆ ಮೊದಲ ಗಾರೆ ಬಿಟ್ಟ ಸದ್ದು ಕೇಳಿತು. ಮನೆ ಎದ್ದಿತು. ಮಲಗಿದ ಎಮ್ಮೆ ಏಳುವ ಹಾಗೆ, ಹಿಂದಿನಿಂದ ಮೊದಲು. ಹಿಂದಿನ ದಂಡೆ ಧಡಾರೆಂದು ಹಳ್ಳಕ್ಕೆ ಕುಸಿದದ್ದು ಎಲ್ಲರಿಗೂ ಕೇಳಿತು. ಅಷ್ಟರೊಳಗೆ ಮನೆ ಪೇಟೆಯ ಬಾಯಿಗೆ ಬಂದಿತ್ತು. ನಡೆಯುವ ಮನೆಯೊಳಗೆ ಇರುವವರು ತಮ್ಮ ಕೆಲಸ ಬಿಡಬಾರದು ಎಂಬುದು ನಮ್ಮಲ್ಲಿ ರೂಢಿ, ಬಿಟ್ಟರೆ ಮನೆ ಅಂಜುತ್ತದೆ. ನಿಂಗವ್ವ ಕಿಟಕಿಯಲ್ಲಿ ಕಂಡಳು, ರೊಟ್ಟಿ ಬಡಿಯುತ್ತಿದ್ದಳು. ತಟತಟ ಸದ್ದು ನಮ್ಮ ಮುಂದಿನಿಂದಲೇ ಹಾದುಹೋಯಿತು. ನೆಲ ನಡುಗಿತು. ನನ್ನ ಕೈಯೊಳಗಿನ ಮದುಮಗಳು ನಡುಗಿದಳು, ನಾನು ಅಂಚು ಬಿಗಿ ಹಿಡಿದೆ. ಸಾಲಿಗೆ ಸಾಲೇ ತಮ್ಮ ತಮ್ಮವರನ್ನು ಎದೆಗೆ ಒತ್ತಿಕೊಂಡಿತು.

ಮನೆ ಗುರುಸಿದ್ಧಪ್ಪನ ಅಂಗಡಿಯ ಪಕ್ಕ ಬಂದು, ಒಮ್ಮೆ ತಡೆದು, ಬಾಗಿಲನ್ನು ಬೀದಿಯ ಕಡೆ ಮಾಡಿ, ಮೆಲ್ಲನೆ ಕೂತಿತು. ಒಂದು ಗಾಜೂ ಒಡೆಯಲಿಲ್ಲ.

ಮೊದಲ ಹನಿ ಬಿದ್ದವು. ಸೂರುಗಳ ಕೆಳಗೆ ಕೂತಿದ್ದರಿಂದ ಯಾರಿಗೂ ತಾಕಲಿಲ್ಲ. ದಾಕ್ಷಾಯಣಿ ಇನ್ನೂ ಬೀದಿಯ ನಡುವೆಯೇ ನಿಂತಿದ್ದಳು, ನೆನೆಯುತ್ತ.

"ಮೇಡಂ," ಅಂದಳು, "ಕಡೀ ಪ್ಯಾರಾ ನಾಳಿ ಕೊಡ್ತೀನ್ರಿ."

"ಏನ್ ಬರೀತಿ?"

"ತಿಳಿದಾವ್ರ ಮುಂದ ಅದು ನಡಿಯೂದಿಲ್ಲ ಅಂತ. ಆಮ್ಯಾಲ ಕೇಳಬೇಕಾಗ್ತದ ಅಂತ."

"ಬರಿ," ಅಂದರು ಮೇಡಂ. ಪೈಲವಾನನನ್ನು ಹಿಡಿದ ಕೈ ಅಲುಗಿಸಲಿಲ್ಲ. "ಅಕ್ಷರ ದುಂಡಗ ಬರಿ."

ನಿಂಗವ್ವ ಬಾಗಿಲಿಗೆ ಬಂದು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಹೊಸ ಬೀದಿಯನ್ನು ಆಚೆ ಈಚೆ ನೋಡಿದಳು. ಮಗಳನ್ನು ನೋಡಿದಳು. ಏನು ಹೇಳುವುದು ತಿಳಿಯದೆ ದಿನಾ ಹೇಳುವುದನ್ನೇ ಹೇಳಿದಳು. "ಬರ್‍ರಿ, ಬಿಸಿ ರೊಟ್ಟಿ ಅದಾವ. ಎಲ್ಲಾರೂ ಊಟಕ್ಕ ಬರ್‍ರಿ."

ಯಾರೂ ಏಳುವ ಹಾಗಿರಲಿಲ್ಲ. ಕಟ್ಟನ್ನು ಕೆಳಗಿಡಲು ಎಲ್ಲರಿಗೂ ಅಂಜಿಕೆ. ಇಡೀ ಪೇಟೆಯಲ್ಲಿ ಖಾಲಿ ಕೈ ಇದ್ದವನು ಗುರುಸಿದ್ಧಪ್ಪ ಒಬ್ಬನೇ. ಅವನು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದ, ಚಾಳೀಸು ಸರಿಮಾಡಿಕೊಂಡ, ಕಾಲು ಝಾಡಿಸಿ ಹೊಸ ನೆರೆಮನೆಯ ಹೊಸ್ತಿಲು ದಾಟಿದ. ಅವನು ರೊಟ್ಟಿ ಮುರಿದು, ಕೇಳಿ ಕೇಳಿ ಪಲ್ಯ ಹಾಕಿಸಿಕೊಂಡು, ಮಜ್ಜಿಗೆ ಕುಡಿದು ಹೊರಗೆ ಬರುವವರೆಗೂ ಇಡೀ ಊರು ತನ್ನ ಸತ್ತವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಸಿವಿನಿಂದ ಕಾದಿತು.